ಹೊರಗಿನ ಬೆಂಚಿನ ಸಹಧರ್ಮಿಣಿ

ನಮ್ಮ ಜನ ಹೆಂಡತಿಗೆ ಕೊಟ್ಟಿರುವ ಬಿರುದುಗಳಿಗೆ ಲೆಕ್ಕವಿಲ್ಲ. ಅರ್ಧಾಂಗಿ, ಸಹಧರ್ಮಿಣಿ, ಗೃಹಲಕ್ಷ್ಮಿ. ಮದುವೆಯ ಚಪ್ಪರದಲ್ಲಿ ಪುರೋಹಿತರು ಏಳು ಹೆಜ್ಜೆ ಇಡಿಸಿ ಅವಳನ್ನು ಸಖಿಯೆಂದೂ ಕರೆಸುತ್ತಾರೆ. ಆದರೆ ಗಂಡನಿಗೆ ಎಪ್ಪತ್ತರ ಮೇಲೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಕಾಣಿಸಿಕೊಂಡು, ಅದು ಆಗಲೇ ಮೂಳೆಗೂ ಹಬ್ಬಿದೆಯೆಂದು ಡಾಕ್ಟರು ಹೇಳುವ ಗಳಿಗೆಯಲ್ಲಿ ಈ ಅರ್ಧಾಂಗಿ ಎಲ್ಲಿರುತ್ತಾಳೆ? ಹೊರಗಿನ ಬೆಂಚಿನ ಮೇಲೆ, ಸ್ಕ್ಯಾನಿನ ಚೀಲವನ್ನೂ ನೀರಿನ ಬಾಟಲಿಯನ್ನೂ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾಳೆ. ಒಳಗೆ ಮಗನಿರುತ್ತಾನೆ, ಮಗ ಪರದೇಶದಲ್ಲಿದ್ದರೆ ಅಳಿಯನಿರುತ್ತಾನೆ, ಅಳಿಯನೂ ಇಲ್ಲವಾದರೆ ಮಗ ಟೆಲಿಫೋನಿನಲ್ಲಿರುತ್ತಾನೆ.

ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆ ಇದೇನೂ ಅಪರೂಪದ ನೋಟವಲ್ಲ. ಬ್ಯಾಂಕಿನಲ್ಲೋ ಕಚೇರಿಯಲ್ಲೋ ಸರ್ಕಾರಿ ಕಾರ್ಖಾನೆಯಲ್ಲೋ ಮೂರೂವರೆ ದಶಕ ದುಡಿದು, ಸೈಟು ಮಂಜೂರಾಗಿ, ಸಾಲ ಮಾಡಿ ಮನೆ ಕಟ್ಟಿದವರು ತುಂಬಿರುವ ಬಡಾವಣೆಗಳು ಇವು. ಮಕ್ಕಳು ಹಾರಿಹೋಗಿದ್ದಾರೆ; ಉಳಿದವರು ಇಬ್ಬರೇ. ಬೆಂಗಳೂರಿನ ಕ್ಯಾನ್ಸರು ರೋಗಿಗಳ ಲೆಕ್ಕವನ್ನು ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆ ೧೯೮೨ರಿಂದ ಇಡುತ್ತ ಬಂದಿದೆ. ಗಂಡಸರ ಮಟ್ಟಿಗೆ ಪ್ರಾಸ್ಟೇಟ್ ಕ್ಯಾನ್ಸರು ಈಗ ಅದರ ಮೊದಲ ಸಾಲಿನಲ್ಲಿದೆ. ರಾತ್ರಿ ನಾಲ್ಕು ಸಲ ಎದ್ದರೂ ಯಜಮಾನರು ‘ವಯಸ್ಸಾಯಿತು, ಅದೆಲ್ಲ ಸಹಜ’ ಎಂದು ಸುಮ್ಮನಿರುತ್ತಾರೆ. ಬೆಳಗಿನ ಪಾರ್ಕಿನ ಗೋಷ್ಠಿಯಲ್ಲಿ ಸಕ್ಕರೆ ಕಾಯಿಲೆ, ಮಂಡಿನೋವು, ಮಂತ್ರಿಮಂಡಲದ ಆಯುಷ್ಯ ಎಲ್ಲವೂ ಚರ್ಚೆಗೆ ಬರುತ್ತವೆ; ಇದೊಂದು ಬರುವುದಿಲ್ಲ. ಕೊನೆಗೆ ಸೊಂಟ ಹಿಡಿದುಕೊಂಡು, ರಕ್ತದ ಪಿ.ಎಸ್.ಎ. ಪರೀಕ್ಷೆಯಾಗಿ, ಮೂಳೆಯ ಸ್ಕ್ಯಾನಿನಲ್ಲಿ ಚುಕ್ಕೆಗಳು ಕಂಡಾಗ ವಿಷಯ ಹೊರಬೀಳುತ್ತದೆ. ಅಲ್ಲಿಂದಲೇ ಅದನ್ನು ಮುಚ್ಚಿಡುವ ಕೆಲಸವೂ ಮೊದಲಾಗುತ್ತದೆ.

ಮುಚ್ಚಿಡುವವರ ವಾದ ಎಲ್ಲರಿಗೂ ಬಾಯಿಪಾಠ. ಅಪ್ಪನಿಗೆ ಹೇಳಿದರೆ ಧೈರ್ಯಗೆಡುತ್ತಾರೆ, ಅಮ್ಮನಿಗೆ ಬಿ.ಪಿ. ಇದೆ, ತಡೆಯಲಾರಳು. ಹೀಗೆಂದು ಅಪ್ಪನಿಗೆ ‘ಗ್ರಂಥಿ ಸ್ವಲ್ಪ ಊದಿಕೊಂಡಿದೆ’ ಎಂದೂ ಅಮ್ಮನಿಗೆ ‘ಮೂತ್ರದ ಸೋಂಕು’ ಎಂದೂ ಹೇಳಿ, ಬೆಂಗಳೂರಿಗೂ ಅಮೆರಿಕಕ್ಕೂ ನಡುವೆ ಒಂದು ಗುಟ್ಟಿನ ಸಂಸಾರ ಹೂಡುತ್ತಾರೆ. ಇದರಲ್ಲಿ ದುರುದ್ದೇಶವಿದೆಯೆಂದು ನಾನು ಹೇಳುವುದಿಲ್ಲ, ಪ್ರೀತಿಯೇ ಇದ್ದೀತು. ಆದರೆ ಪ್ರೀತಿಯ ಹೆಸರಿನಲ್ಲಿ, ನಲವತ್ತೈದು ವರ್ಷ ಸಂಸಾರ ತೂಗಿಸಿದ ಇಬ್ಬರನ್ನು ಮೈನರುಗಳನ್ನಾಗಿ ಮಾಡುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು? ನನ್ನ ಜಗಳ ಇರುವುದು ಇಲ್ಲಿ.

ಕಾನೂನಂತೂ ಕೊಟ್ಟಿಲ್ಲ. ಅರಿವಳಿಕೆಯಲ್ಲಿ ಮಲಗಿದ್ದ ಹೆಣ್ಣುಮಗಳೊಬ್ಬಳ ಗರ್ಭಕೋಶವನ್ನು ಹೊರಗಿದ್ದ ತಾಯಿಯನ್ನು ಕೇಳಿ ತೆಗೆದ ಪ್ರಕರಣದಲ್ಲಿ, ೨೦೦೮ರಲ್ಲಿ, ಸುಪ್ರೀಂ ಕೋರ್ಟು ಖಂಡಿತವಾಗಿ ಹೇಳಿತು: ಪ್ರಾಣಾಪಾಯದ ತುರ್ತು ಇಲ್ಲದಿರುವಾಗ, ಬುದ್ಧಿ ಸ್ವಾಧೀನವಿರುವ ವಯಸ್ಕ ರೋಗಿಯ ಪರವಾಗಿ ಹೆತ್ತ ತಾಯಿ ಕೊಟ್ಟ ಒಪ್ಪಿಗೆಯೂ ಒಪ್ಪಿಗೆಯಲ್ಲ. ತಾಯಿಗಿಲ್ಲದ ಹಕ್ಕು ಟೆಲಿಫೋನಿನಲ್ಲಿರುವ ಮಗನಿಗೆ ಎಲ್ಲಿಂದ ಬಂತು? ಹೆಂಡತಿಗೂ ಆ ಹಕ್ಕಿಲ್ಲವೆನ್ನಿ; ಒಪ್ಪಿಗೆ ಅವನದೇ. ಅದಕ್ಕೇ ಮೊದಲು ಅವನಿಗೆ ಹೇಳಬೇಕು, ಮತ್ತು ಅವನು ಬೇಡವೆನ್ನದಿದ್ದರೆ ಅದೇ ಕೋಣೆಯಲ್ಲಿ, ಅದೇ ಹೊತ್ತಿಗೆ, ಅವಳಿಗೂ ಹೇಳಬೇಕು ಎನ್ನುತ್ತೇನೆ.

ಏಕೆಂದರೆ ಆ ಕೋಣೆಯಲ್ಲಿ ತೀರ್ಮಾನವಾಗುವುದು ಬರಿಯ ಔಷಧದ ವಿಷಯವಲ್ಲ. ಓದುಗರು ಮುಖ ಸಿಂಡರಿಸದೆ ಕೇಳಬೇಕು. ಗಂಡಸಿನ ಹಾರ್ಮೋನನ್ನು ತಗ್ಗಿಸಿದರೆ ಈ ಕ್ಯಾನ್ಸರು ಕುಗ್ಗುತ್ತದೆಂದು ಷಿಕಾಗೋದ ಚಾರ್ಲ್ಸ್ ಹಗ್ಗಿನ್ಸ್ ೧೯೪೧ರಲ್ಲಿ ತೋರಿಸಿದ. ೧೯೬೬ರಲ್ಲಿ ಅದಕ್ಕಾಗಿ ನೊಬೆಲ್ ಬಹುಮಾನ ಪಡೆದ. ಮೂಳೆಗೆ ಹಬ್ಬಿದ ರೋಗಕ್ಕೆ ಇಂದಿಗೂ ಚಿಕಿತ್ಸೆಯ ಬುನಾದಿ ಅದೇ. ೨೦೧೫ರಿಂದೀಚೆಗಿನ ದೊಡ್ಡ ಪ್ರಯೋಗಗಳು ಆ ಬುನಾದಿಯ ಮೇಲೆ ಮೊದಲಿನಿಂದಲೇ ಇನ್ನೊಂದು ಔಷಧ ಸೇರಿಸಿದರೆ ಆಯುಷ್ಯ ಹೆಚ್ಚುವುದನ್ನು ತೋರಿಸಿವೆ. ಗುಣವಾಗುವುದಿಲ್ಲ, ಆದರೆ ಅನೇಕರು ವರ್ಷಗಟ್ಟಲೆ ಓಡಾಡಿಕೊಂಡಿರುತ್ತಾರೆ. ಹಾರ್ಮೋನು ತಗ್ಗಿಸಲು ದಾರಿ ಎರಡುಂಟು. ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್ನು, ಬಹುಮಟ್ಟಿಗೆ ಬದುಕಿರುವ ತನಕ. ಇಲ್ಲವೆ ವೃಷಣಗಳನ್ನು ತೆಗೆದುಹಾಕುವ ಒಂದು ಸಣ್ಣ ಶಸ್ತ್ರಕ್ರಿಯೆ, ಒಂದೇ ಸಲ, ಕಡಿಮೆ ಖರ್ಚಿನಲ್ಲಿ. ಹಾರ್ಮೋನು ಇಳಿಸುವುದರಲ್ಲಿ ಎರಡೂ ಸರಿಸಮ. ಯಾವುದೇ ಆದರೂ ಗಂಡಸಿನ ಕಾಮನೆ ಅಡಗುತ್ತದೆ, ಶಕ್ತಿ ಕುಂದುತ್ತದೆ. ಇಂಥ ಒಂದು ತೀರ್ಮಾನವನ್ನು, ಒಂದೇ ಹಾಸಿಗೆಯಲ್ಲಿ ಬಾಳಿದ ಇಬ್ಬರಲ್ಲಿ ಒಬ್ಬರನ್ನು ಹೊರಗೆ ಕೂರಿಸಿ, ಅವರ ಮಗ ಖರ್ಚಿನ ಲೆಕ್ಕ ನೋಡಿ ಮಾಡುತ್ತಾನೆ! ‘ಈ ವಯಸ್ಸಿನಲ್ಲಿ ಅದೆಲ್ಲ ಏಕೆ ಬೇಕು’ ಎಂದು ಡಾಕ್ಟರೂ ನಗುತ್ತಾರೆ. ಬೇಕೋ ಬೇಡವೋ, ಹೇಳಬೇಕಾದವರು ಆ ಇಬ್ಬರು.

ಮರ್ಯಾದೆಯ ಮಾತು ಹಾಗಿರಲಿ; ಅಡಿಗೆಮನೆಯ ಮಾತಿಗೆ ಬರೋಣ. ಈಗ ಬಹಳವಾಗಿ ಬರೆದುಕೊಡುವ ಮಾತ್ರೆಗಳಲ್ಲಿ ಅಬಿರಾಟೆರೋನ್ ಒಂದು. ಪೂರ್ತಿ ಪ್ರಮಾಣದಲ್ಲಿ ಕೊಟ್ಟಾಗ ಅದನ್ನು ಬರಿಹೊಟ್ಟೆಯಲ್ಲೇ ನುಂಗಬೇಕು. ನುಂಗುವ ಮುಂಚೆ ಎರಡು ಗಂಟೆ, ಆಮೇಲೆ ಒಂದು ಗಂಟೆ ಏನೂ ತಿನ್ನಬಾರದು. ಊಟದೊಡನೆ ನುಂಗಿದರೆ ಮೈಗೆ ಹತ್ತುವ ಔಷಧ ಹಲವು ಪಟ್ಟು ಏರುತ್ತದೆ. ಇದನ್ನೇ ಉಪಯೋಗಿಸಿಕೊಂಡು, ಹಣ ಉಳಿಯಲೆಂದು, ಕಾಲು ಭಾಗದ ಪ್ರಮಾಣವನ್ನು ಬೇಕೆಂದೇ ತಿಂಡಿಯ ಜೊತೆ ಕೊಡುವ ಡಾಕ್ಟರೂ ಉಂಟು. ಜೊತೆಗಿರುವ ಪ್ರೆಡ್ನಿಸೋಲೋನ್ ಮಾತ್ರೆಯನ್ನಂತೂ ತಿಂಡಿಯ ಜೊತೆಗೇ ತೆಗೆದುಕೊಳ್ಳಬೇಕು. ನಮ್ಮ ಮನೆಯದು ಯಾವ ಲೆಕ್ಕ? ಬೆಳಿಗ್ಗೆ ಆರಕ್ಕೆ ಕಾಫಿ, ಎಂಟಕ್ಕೆ ಇಡ್ಲಿ, ‘ತಿಂಡಿ ಆದಮೇಲೆ ಮಾತ್ರೆ’ ಎಂಬ ಶಿಸ್ತನ್ನು ನಲವತ್ತೈದು ವರ್ಷ ನಡೆಸಿಕೊಂಡು ಬಂದಿರುವವಳು ಬೆಂಚಿನ ಮೇಲಿದ್ದಳು. ಒಳಗಿದ್ದ ಮಗ ಭಾನುವಾರದ ವಿಮಾನಕ್ಕೆ ಹೊರಟುಹೋದ.

ಇನ್ನೂ ಭಯಂಕರವಾದದ್ದೊಂದಿದೆ. ರೋಗ ಬೆನ್ನುಮೂಳೆಗೆ ಹಬ್ಬಿದವರಲ್ಲಿ ಅದು ಒಳಗಿನ ನರದ ಹುರಿಯನ್ನು ಒತ್ತುವ ಸಂಭವವುಂಟು. ಹೊಸದಾಗಿ ಬೆನ್ನುನೋವು, ಕಾಲಲ್ಲಿ ಬಲ ತಪ್ಪುವುದು, ಜೋಮು, ಮೂತ್ರ ಕಟ್ಟುವುದು ಇವು ಅದರ ಸೂಚನೆಗಳು. ಅದೇ ದಿನ ಆಸ್ಪತ್ರೆಗೆ ಹೋದರೆ ಮದ್ದು, ವಿಕಿರಣ ಅಥವಾ ಶಸ್ತ್ರಕ್ರಿಯೆಯಿಂದ ಕಾಲನ್ನು ಉಳಿಸಬಹುದು. ತಡಮಾಡಿದರೆ ಬಿದ್ದ ಕಾಲು ಏಳದೆಯೇ ಹೋಗಬಹುದು. ‘ಮೂತ್ರದ ಸೋಂಕು’ ಎಂದು ನಂಬಿರುವ ಹೆಂಡತಿ ಏನು ಮಾಡುತ್ತಾಳೆ? ವಾಯುವಿರಬೇಕೆಂದು ಎಳ್ಳೆಣ್ಣೆ ಬಿಸಿಮಾಡಿ ನೀವುತ್ತಾಳೆ. ರಾತ್ರಿಯೆಲ್ಲ ನೀವುತ್ತಾಳೆ, ಪಾಪ. ಆ ರಾತ್ರಿಯ ಹೊಣೆ ಅವಳದೋ, ಅವಳನ್ನು ಕತ್ತಲಲ್ಲಿಟ್ಟವರದೋ?

ಆ ಗುಟ್ಟು ಗಂಡಹೆಂಡಿರ ನಡುವೆ ಮಾಡುವ ಕೇಡು ಇನ್ನೊಂದು. ಇಂಜೆಕ್ಷನ್ನು ಶುರುವಾದ ಕೆಲವು ವಾರಗಳಲ್ಲಿ ಅವನಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಕಾವೇರಿ ಬೆವರುತ್ತದೆ, ಸುಸ್ತು ಬಿಡುವುದಿಲ್ಲ, ಸಣ್ಣ ಮಾತಿಗೂ ಕಣ್ಣು ತುಂಬುತ್ತದೆ. ಹತ್ತಿರ ಬರುವುದಿಲ್ಲ. ಅವಳು ಅದನ್ನು ಮುನಿಸೆಂದು ತಿಳಿಯುತ್ತಾಳೆ. ಅವನು ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ನೋಡಿ, ಈ ಕಾವು, ಈ ಬೆವರು, ಈ ತಳಮಳ ಅವಳಿಗೆ ಐವತ್ತರ ಆಸುಪಾಸಿನಲ್ಲಿ ಬಂದು ಹೋದದ್ದೇ! ಮುಟ್ಟು ನಿಂತ ಕಾಲದಲ್ಲಿ ಅವಳು ಅದನ್ನು ಯಾರಿಗೂ ಹೇಳದೆ ಒಲೆಯ ಮುಂದೆ ನಿಂತು ಅನುಭವಿಸಿದ್ದಾಳೆ. ಈ ವಿಷಯದಲ್ಲಿ ಆ ಮನೆಯಲ್ಲಿ ಪಂಡಿತರೆಂಬವರು ಇದ್ದರೆ ಅವಳೊಬ್ಬಳೇ. ಹೇಳಿದ್ದರೆ ಒಂದು ತೆಳು ಹೊದಿಕೆ, ಒಂದು ಫ್ಯಾನು, ‘ನನಗೂ ಹೀಗೇ ಆಗಿತ್ತು ಕಣ್ರೀ’ ಎಂಬ ಒಂದು ಮಾತು ಅವಳಿಂದ ತಾನಾಗಿ ಬರುತ್ತಿತ್ತು.

ಇಲ್ಲಿಗೆ ಬಂದಾಗ ನಮ್ಮ ಹಿರಿಯರು ಸಾವಿತ್ರಿಯ ಹೆಸರೆತ್ತುತ್ತಾರೆ. ಎತ್ತಲಿ, ನನಗೂ ಅದೇ ಬೇಕು. ಗಂಡನ ಆಯುಷ್ಯ ಒಂದೇ ವರ್ಷವೆಂದು ನಾರದರು ಸಾವಿತ್ರಿಗೆ ಮದುವೆಗೆ ಮುಂಚೆಯೇ ತಿಳಿಸಿದ್ದರು. ಅವಳಿಗೆ ರಾಜಕುಮಾರಿಯ ಕೋಮಲ ಮನಸ್ಸು, ಹೇಳಬೇಡಿ ಎಂದು ಯಾರೂ ತಡೆಯಲಿಲ್ಲ. ದಿನ ಗೊತ್ತಿದ್ದುದರಿಂದಲೇ ಆ ದಿನ ಅವಳು ಕಾಡಿಗೆ ಜೊತೆಯಲ್ಲಿ ಹೋದಳು, ಯಮನೊಡನೆ ವಾದಿಸಿ ಗೆದ್ದಳು. ಸತ್ಯವಾನನಿಗೆ ಹೇಳಿರಲಿಲ್ಲವಲ್ಲ ಎಂದು ಕೇಳುವ ಜಾಣರುಂಟು. ಸತ್ಯವಾನನಿಗೆ ಮೂರು ತಿಂಗಳಿಗೊಮ್ಮೆ ಸೂಜಿ ಚುಚ್ಚಿಸಿಕೊಳ್ಳುವುದಿರಲಿಲ್ಲ, ಸ್ವಾಮಿ. ಭೀಮನ ಅಮಾವಾಸ್ಯೆಯ ದಿನ ಹೆಂಡತಿ ಗಂಡನ ಪಾದ ತೊಳೆದು ಆಯುಷ್ಯ ಬೇಡಬೇಕು. ಆ ಆಯುಷ್ಯಕ್ಕೆ ಬಂದಿರುವ ಕುತ್ತು ಯಾವುದೆಂದು ಮಾತ್ರ ಅವಳು ಕೇಳಬಾರದು!

ಗುಟ್ಟಿನಿಂದ ಬಾಳಿದವರೂ ಇದ್ದಾರೆ ಎಂದು ಫ್ರಾನ್ಸಿನ ಅಧ್ಯಕ್ಷರಾಗಿದ್ದ ಮಿತ್ತೆರಾಂ ಅವರ ಉದಾಹರಣೆ ಕೊಡುವವರಿಗೂ ಒಂದು ಮಾತು. ೧೯೮೧ರಲ್ಲಿ, ಪದವಿಗೆ ಬಂದ ವರ್ಷವೇ, ಅವರಿಗೆ ಮೂಳೆಗೆ ಹಬ್ಬಿದ ಇದೇ ಕ್ಯಾನ್ಸರು ಪತ್ತೆಯಾಯಿತು. ೧೯೯೨ರವರೆಗೆ ದೇಶಕ್ಕೆ ತಿಳಿಸಲಿಲ್ಲ. ಎಲ್ಲ ಸರಿಯಿದೆಯೆಂಬ ಪ್ರಕಟಣೆಗೆ ವೈದ್ಯರು ರುಜು ಹಾಕುತ್ತಲೇ ಹೋದರು. ಅವರು ತೀರಿಕೊಂಡದ್ದು ೧೯೯೬ರಲ್ಲಿ. ದೇಶಕ್ಕೆ ಸುಳ್ಳು ಹೇಳಿದ್ದು ಸರಿಯೇ ಎಂಬ ಪ್ರಶ್ನೆ ಬೇರೆ. ಆದರೆ ರೋಗಿಗೆ ಎಲ್ಲವೂ ಗೊತ್ತಿತ್ತು, ಗುಟ್ಟು ಅವರದೇ ಆಗಿತ್ತು. ನಮ್ಮ ಮನೆಗಳಲ್ಲಿ ಊರಿಗೆಲ್ಲ ಗೊತ್ತಿರುತ್ತದೆ. ಗೊತ್ತಿಲ್ಲದವರು ಆ ಇಬ್ಬರು.

ಹಾಗಾದರೆ ಮಗನಿಗೆ ಕೆಲಸವೇ ಇಲ್ಲವೆ? ಬೇಕಾದಷ್ಟಿದೆ. ಪಿಂಚಣಿಯ ಕಾಗದ, ಬ್ಯಾಂಕಿನ ಜಂಟಿ ಖಾತೆ, ವಿಮೆಯ ಚೀಟಿ ಎಲ್ಲವನ್ನೂ ತಾಯಿಯ ಮುಂದೆ ಹರಡಿ ಅವಳಿಗೆ ತಿಳಿಯುವಂತೆ ಹೇಳಿಕೊಡಲಿ. ರಾತ್ರಿ ಮೂರು ಸಲ ಗಂಡನನ್ನು ಎಬ್ಬಿಸಿ ಬಚ್ಚಲಿಗೆ ನಡೆಸುವ ಅರವತ್ತೆಂಟರ ಹೆಂಗಸಿಗೆ ವಾರಕ್ಕೆರಡು ರಾತ್ರಿಯಾದರೂ ನಿದ್ದೆ ಬರುವಂತೆ ಒಬ್ಬ ಸಹಾಯಕರನ್ನು ಗೊತ್ತುಮಾಡಲಿ. ವರ್ತೂರು ರಸ್ತೆಯ ಕರುಣಾಶ್ರಯ ೧೯೯೯ರಿಂದ, ಮುಂದುವರಿದ ಕ್ಯಾನ್ಸರಿನವರನ್ನು ಒಂದು ಕಾಸೂ ಕೇಳದೆ ನೋಡಿಕೊಳ್ಳುತ್ತಿದೆ. ಅದರ ದಾದಿಯರು ಮನೆಗೂ ಬರುತ್ತಾರೆ. ನೋವು ಶಮನದ ವೈದ್ಯರೆಂದರೆ ಕೊನೆಯ ದಿನಕ್ಕೆ ಕರೆಯುವವರು ಎಂದು ತಿಳಿದು, ‘ಅಲ್ಲಿಗೆ ಫೋನು ಮಾಡಿದರೆ ಅಮ್ಮನಿಗೆ ಗೊತ್ತಾಗಿಬಿಡುತ್ತದೆ’ ಎಂದು ಹಿಂಜರಿಯುವವರುಂಟು. ಗುಟ್ಟು ಕಾಯುವುದಕ್ಕಾಗಿ ನೋವು ತಿನ್ನಿಸುವುದು ಎಂಥ ಪ್ರೀತಿಯೋ ನನಗೆ ಅರ್ಥವಾಗಿಲ್ಲ.

ಅಮ್ಮನಿಗೆ ಬಿ.ಪಿ. ಇದೆಯಂತೆ. ನಿಜವೇ ಇರಬಹುದು. ಅದನ್ನು ನೋಡಿಸಲು ಅವಳನ್ನು ಡಾಕ್ಟರ ಹತ್ತಿರ ಕಡೆಯ ಸಲ ಕರೆದುಕೊಂಡು ಹೋದದ್ದು ಯಾವಾಗ ಎಂದು ಆ ಮಗನನ್ನೊಮ್ಮೆ ಕೇಳಿ ನೋಡಿ.