ಯಾವ ಗಿಳಿ ಎಂದು ಮೊದಲು ಕೇಳೋಣ

ಸೂರ್ಯಕಾಂತಿ ಬೆಳೆದ ರೈತನಿಗೆ ಗಿಳಿಗಳು ಅಳಿವಿನಂಚಿನಲ್ಲಿವೆ ಎಂದು ಹೇಳಿದರೆ ಆತ ನಂಬಲಾರ. ನಂಬದಿರಲು ಅವನಿಗೆ ಸಾಕಷ್ಟು ಕಾರಣವಿದೆ. ಹಿಂಡುಹಿಂಡಾಗಿ ಇಳಿದು ಕಾಳು ತಿಂದು ಹೋಗುವುದನ್ನು ಆತ ಕಣ್ಣಾರೆ ಕಂಡಿದ್ದಾನೆ. ಬೆಂಗಳೂರಿನ ಸಾಲುಮರಗಳ ಕೆಳಗೆ ಸಂಜೆ ಓಡಾಡುವವರದೂ ಇದೇ ಅನುಭವ. ಆದರೆ ಇವರಿಬ್ಬರೂ ಕಂಡದ್ದು ಬಹುಮಟ್ಟಿಗೆ ಒಂದೇ ಪ್ರಭೇದವನ್ನು, ಗಂಡಿನ ಕೊರಳಲ್ಲಿ ಗುಲಾಬಿ ಪಟ್ಟಿಯಿರುವ ಗಿಳಿಯನ್ನು. ಜಗತ್ತಿನಲ್ಲಿ ಸುಮಾರು 400 ಗಿಳಿ ಪ್ರಭೇದಗಳಿವೆ. ಕಾಲುಭಾಗಕ್ಕಿಂತ ಹೆಚ್ಚಿನವು ಅಪಾಯದಲ್ಲಿವೆ. ಒಂದರ ಸಮೃದ್ಧಿ ಉಳಿದವುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇಷ್ಟನ್ನು ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿರುವುದು ಮುಂದಿನ ಮಾತನ್ನು. ಯಾವುದು ಪ್ರಭೇದ, ಯಾವುದು ಉಪಪ್ರಭೇದ ಎಂಬ ಜಗಳ ವಸ್ತುಸಂಗ್ರಹಾಲಯದ ಕಪಾಟುಗಳಿಗೆ ಸೇರಿದ್ದು, ಮೊದಲು ಕಾಡು ಉಳಿಯಲಿ, ಹೆಸರು ಆಮೇಲೆ ನೋಡೋಣ ಎನ್ನುವವರಲ್ಲಿ ನಾನು ಗೌರವಿಸುವ ಪರಿಸರಪ್ರಿಯರೂ ಇದ್ದಾರೆ. ಅವರ ಕಳಕಳಿ ನಿಜವಾದದ್ದು. ಆದರೂ ಈ ಅನುಕ್ರಮ ಸರಿಯೆಂದು ನನಗೆ ಅನ್ನಿಸುವುದಿಲ್ಲ.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಎರಡು ಪುಟ್ಟ ಹಸಿರು ಗಿಳಿಗಳಿವೆ. ಒಂದರ ಕೊಕ್ಕಿನ ಮೇಲೆ ಕೆಂಪು ಪಟ್ಟಿ, ನೆತ್ತಿ ಹೊಂಬಣ್ಣ. ಇನ್ನೊಂದರ ಪಟ್ಟಿ ಕಿತ್ತಳೆ, ನೆತ್ತಿ ತಿಳಿಹಳದಿ. ಕಿತ್ತಳೆ ಪಟ್ಟಿಯದಕ್ಕೆ 1857ರಲ್ಲೇ ಪ್ರತ್ಯೇಕ ಪ್ರಭೇದವೆಂದು ಹೆಸರಿಟ್ಟಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಆ ಸ್ಥಾನ ಹೋಯಿತು. ಅದು ಮೊದಲನೆಯದರ ಬಣ್ಣಭೇದ ಮಾತ್ರ ಎಂಬ ಅಭಿಪ್ರಾಯ ಬಲವಾಯಿತು. 1980ರ ದಶಕದಲ್ಲಿ ಎರಡನ್ನೂ ಕೂಡಿಸಿ ಮರಿ ಮಾಡಿಸಿದ ಪ್ರಯೋಗವೂ ಅದನ್ನೇ ಬೆಂಬಲಿಸಿದಂತೆ ಕಂಡಿತು. ಬಣ್ಣಭೇದವನ್ನು ಉಳಿಸಲು ಯಾವ ಸರ್ಕಾರವೂ ಹಣ ತೆಗೆದಿಡುವುದಿಲ್ಲ. 2000ದ ಸುಮಾರಿಗೆ ಡಿಎನ್‌ಎ ಅಧ್ಯಯನ ಅದು ಬೇರೆಯೇ ಪ್ರಭೇದವೆಂದು ತೋರಿಸಿದ ಹೊತ್ತಿಗೆ ಆ ಗಿಳಿ ಕ್ಯಾಂಟರ್ಬರಿಯ ಕೆಲವೇ ಬೀಚ್ ಮರಗಳ ಕಣಿವೆಗಳಲ್ಲಿ ಉಳಿದಿತ್ತು. ಅದೇ ಅವಧಿಯಲ್ಲಿ ಬೀಚ್ ಮರಗಳು ಹೇರಳವಾಗಿ ಬೀಜ ಬಿಟ್ಟವು, ಬೀಜ ತಿಂದ ಇಲಿಗಳು ಮಿತಿಮೀರಿ ಹೆಚ್ಚಿದವು, ಪೊಟರೆಯೊಳಗಿನ ಮೊಟ್ಟೆ, ಮರಿಗಳೂ ಕಾವಿಗೆ ಕೂತ ತಾಯಿಹಕ್ಕಿಗಳೂ ಅವಕ್ಕೆ ಆಹಾರವಾದವು. ಸಾಕಿ ಬೆಳೆಸಿ, ಇಲಿಗಳಿಲ್ಲದ ದ್ವೀಪಗಳಿಗೆ ಸಾಗಿಸುವ ಕೆಲಸ ಶುರುವಾದದ್ದು ಹೆಸರು ಮರಳಿ ಸಿಕ್ಕ ಮೇಲೆ. ಅಲ್ಲಿ ಕಾಡು ಇತ್ತು, ಕಾನೂನೂ ಇತ್ತು. ಇಲ್ಲದಿದ್ದದ್ದು ಹೆಸರು.

ಕೂಡಿ ಮರಿ ಹಾಕಿದರೆ ಒಂದೇ ಪ್ರಭೇದ ಎಂದು ಶಾಲೆಯಲ್ಲಿ ಕಲಿತಿದ್ದೇವಲ್ಲ ಎಂದು ನೀವು ಕೇಳಬಹುದು. ಆ ಸೂತ್ರ ಪೂರ್ತಿ ತಪ್ಪಲ್ಲ, ಆದರೆ ಪಂಜರಕ್ಕೆ ಅದನ್ನು ಅನ್ವಯಿಸುವಾಗ ಎಚ್ಚರ ಬೇಕು. ಬೇರೆ ಸಂಗಾತಿಯೇ ಇಲ್ಲದೆಡೆ ಹಕ್ಕಿ ಒಪ್ಪುವ ಜೋಡಿ ಬೇರೆ, ಕಾಡಿನಲ್ಲಿ ಅದು ಆರಿಸಿಕೊಳ್ಳುವ ಜೋಡಿ ಬೇರೆ.

ನೋಟವನ್ನು, ನೆರೆಹೊರೆಯನ್ನು ನಂಬುವುದೂ ಇಷ್ಟೇ ಅಪಾಯದ್ದು. ಕೊಡಗಿನ ಕಾಡಿನಲ್ಲಿ ನೀಲಿ ಛಾಯೆಯ, ಉದ್ದ ಬಾಲದ ಮಲಬಾರ್ ಗಿಳಿಯಿದೆ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಮತ್ತೆಲ್ಲೂ ಇಲ್ಲ. ನಮ್ಮ ಬಯಲುಸೀಮೆಯ ಗುಲಾಬಿ ಪಟ್ಟಿಯ ಗಿಳಿ ಇದಕ್ಕೆ ಹತ್ತಿರದ ನೆಂಟನೆಂದು ಯಾರಾದರೂ ಊಹಿಸುವುದು ಸಹಜ. ವಂಶವಾಹಿ ಅಧ್ಯಯನಗಳು ಹೇಳುವುದು ಬೇರೆ. ಮಲಬಾರ್ ಗಿಳಿಯ ಹತ್ತಿರದ ಬಂಧು ಶ್ರೀಲಂಕಾದಲ್ಲಿದೆ. ಬಯಲಿನ ಗಿಳಿಯ ಅತಿ ಹತ್ತಿರದ ಬಂಧು ಇರುವುದು ಹಿಂದೂ ಮಹಾಸಾಗರದಾಚೆ, ಮಾರಿಷಸ್ಸಿನ ಎಕೋ ಗಿಳಿ.

ಇಲ್ಲಿ ನನ್ನ ವಾದಕ್ಕೇ ಒಂದು ತೊಡಕು ಎದುರಾಗುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಎಕೋ ಗಿಳಿಯ ಕವಲು ನಮ್ಮ ಗಿಳಿಯ ವಂಶವೃಕ್ಷದ ಒಳಗೇ ಮೂಡಿದೆ. ಕಟ್ಟುನಿಟ್ಟಾಗಿ ಓದಿದರೆ, ಒಂದೋ ನಮ್ಮ ಗಿಳಿಯನ್ನು ಹಲವು ಪ್ರಭೇದಗಳಾಗಿ ಒಡೆಯಬೇಕು, ಇಲ್ಲವೇ ಎಕೋ ಗಿಳಿಯನ್ನು ಅದರೊಳಗೆ ಸೇರಿಸಬೇಕು. ಸೇರಿಸಿದರೆ, ಹೇರಳವಾಗಿರುವ ಹಕ್ಕಿಯ ಒಂದು ಗುಂಪನ್ನು ಉಳಿಸಲು ಖರ್ಚೇಕೆ ಎಂದು ಕೇಳುವವರು ಬರುತ್ತಾರೆ. ನನ್ನ ಉತ್ತರ ಇದು: ಹೆಸರು ಅಗತ್ಯ, ಆದರೆ ಹೆಸರೊಂದೇ ಸಾಲದು. ಬೇರೆ ದ್ವೀಪದಲ್ಲಿ ದೀರ್ಘಕಾಲ ಬೇರೆಯಾಗಿ ಬದುಕಿ, ಅಲ್ಲಿನ ಮರಗಳಿಗೂ ಹಣ್ಣುಗಳಿಗೂ ಹೊಂದಿಕೊಂಡ ಹಕ್ಕಿಗೆ ಇನ್ನೊಂದು ಬದಲಿಯಾಗುವುದಿಲ್ಲ. 1980ರ ದಶಕದಲ್ಲಿ ಹತ್ತು ಹನ್ನೆರಡಕ್ಕೆ ಇಳಿದಿದ್ದ ಎಕೋ ಗಿಳಿಗಳು, ಜೀವವಿಜ್ಞಾನಿ ಕಾರ್ಲ್ ಜೋನ್ಸ್ ಮತ್ತು ಅವರ ಸಂಗಡಿಗರು ಗೂಡುಪೆಟ್ಟಿಗೆ ಕಟ್ಟಿ, ಆಹಾರ ಒದಗಿಸಿ, ಮರಿಗಳನ್ನು ಕೈಯಾರೆ ಸಾಕಿದ ಫಲವಾಗಿ ಐನೂರು ದಾಟಿವೆ. ಮನುಷ್ಯರು ಅಲ್ಲಿಗೆ ಒಯ್ದು ಬಿಟ್ಟ ನಮ್ಮ ಗಿಳಿ ಈಗ ಅದೇ ದ್ವೀಪದಲ್ಲಿ ಅವುಗಳ ಪೈಪೋಟಿದಾರ. ಗಿಳಿ ಎಲ್ಲಿದ್ದರೂ ಚೆಂದ ಎಂಬ ಭಾವನೆಗೆ ಮಾರಿಷಸ್ಸಿನಲ್ಲಿ ಆಧಾರವಿಲ್ಲ.

ಅಕ್ಕರೆಯಿಂದ ಮಾಡಿದ್ದೆಲ್ಲ ಒಳಿತೇ ಎಂಬ ನಂಬಿಕೆಗೂ ಇದೇ ಗತಿ. ನ್ಯೂಜಿಲೆಂಡಿನ ಹಾರಲಾರದ ಗಿಳಿ ಕಾಕಾಪೋ 1995ರಲ್ಲಿ 51 ಮಾತ್ರ ಉಳಿದಿತ್ತು. ಅದಕ್ಕೆ ಧಾರಾಳವಾಗಿ ಉಣಿಸಿದಾಗ, ಮೈತುಂಬಿದ ತಾಯಿಹಕ್ಕಿಗಳು ಗಂಡುಮರಿಗಳನ್ನೇ ಹೆಚ್ಚು ಹುಟ್ಟಿಸಿದವು. ಸಂಶೋಧಕರು ಇದನ್ನು ಗುರುತಿಸಿ, ತಾಯಿಯ ತೂಕ ನೋಡಿ ಆಹಾರ ಅಳೆದು ಕೊಟ್ಟ ಮೇಲೆಯೇ ಗಂಡುಹೆಣ್ಣಿನ ಪ್ರಮಾಣ ಸರಿಹೋಯಿತು.

ನಮ್ಮಲ್ಲಿ ಪಂಜರದ ಗಿಳಿಯನ್ನು ಕೊಂಡು ತಂದು ಹಾರಿಬಿಡುವುದು ಪುಣ್ಯವೆಂದು ತಿಳಿದವರಿದ್ದಾರೆ. ಅವರ ಕರುಣೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಕೊಟ್ಟ ಹಣ ಮತ್ತೊಂದು ಗೂಡನ್ನು ದೋಚುವವನ ಕೈ ಸೇರುತ್ತದೆ. ಬಿಟ್ಟ ಹಕ್ಕಿ ಆ ಊರಿನದೇ ಅಲ್ಲದಿರಬಹುದು. ಪಂಜರದಲ್ಲಿ ಅಂಟಿದ ಸೋಂಕನ್ನು ಅದು ಕಾಡಿಗೆ ಹೊತ್ತೊಯ್ಯಬಹುದು. ಕೊಕ್ಕು, ಗರಿಗಳನ್ನು ಹಾಳುಮಾಡುವ ವೈರಸ್ ರೋಗ ಚೇತರಿಸಿಕೊಳ್ಳುತ್ತಿದ್ದ ಎಕೋ ಗಿಳಿಗಳನ್ನೂ ಬಿಟ್ಟಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡುಗಿಳಿಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. ಮಾರಾಟ ಕಂಡರೆ ಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಅದು ಯಾವ ಗಿಳಿ, ಎಲ್ಲಿಂದ ಬಂದದ್ದು ಎಂಬುದನ್ನು ಬಲ್ಲವರು ಗುರುತಿಸಿದ ಮೇಲೆ ಎಲ್ಲಿ ಬಿಡಬೇಕೆಂದು ಅವರೇ ತೀರ್ಮಾನಿಸಲಿ.