ಎಂಟು ಕಲೆಗಳ ತಪ್ಪು

1980ರ ಫೆಬ್ರವರಿ 16, ಶನಿವಾರ. ಆಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಮಧ್ಯಾಹ್ನ ಮನೆಯ ಬಾಗಿಲು, ಕಿಟಕಿಗಳನ್ನೆಲ್ಲ ಮುಚ್ಚಿ ನಮ್ಮನ್ನು ಒಳಗೆ ಕೂಡಿಸಿದ್ದರು. ಮೂರೂವರೆ ದಾಟಿದ ಮೇಲೆ ಹೊರಗೆ ಹಗಲೇ ಕತ್ತಲಾಯಿತು. ಎರಡು ನಿಮಿಷಕ್ಕೂ ಮಿಕ್ಕಿ ಸೂರ್ಯ ಪೂರ್ತಿ ಮರೆಯಾಗಿದ್ದ. ಅದೇ ಹೊತ್ತಿಗೆ ನಮ್ಮ ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ವಿಜ್ಞಾನಿಗಳು ಶಿಬಿರ ಹೂಡಿ, ಸೂರ್ಯನ ಕಿರೀಟವನ್ನು ಉಪಕರಣಗಳಿಂದ ನೋಡುತ್ತಿದ್ದರು.

ದೊಡ್ಡವನಾದ ಮೇಲೆ ನನಗೊಂದು ವಿಚಾರ ಹೊಳೆಯಿತು. ಗ್ರಹಣದ ವೇಳೆಯ ಬಗ್ಗೆ ಮನೆಯ ಪಂಚಾಂಗಕ್ಕೂ ವಿಜ್ಞಾನಿಗಳಿಗೂ ಜಗಳವಿರಲಿಲ್ಲ. ಇಬ್ಬರೂ ಲೆಕ್ಕ ಹಾಕಿಯೇ ಹೇಳಿದ್ದರು. ಭೇದವಿದ್ದದ್ದು ಮುಂದಿನ ಮಾತಿನಲ್ಲಿ: ಒಬ್ಬರು ‘ಕೆಡುಕು, ಒಳಗಿರಿ’ ಎಂದರು, ಇನ್ನೊಬ್ಬರು ‘ಕಣ್ಣಿಗೆ ರಕ್ಷಣೆ ಇಟ್ಟುಕೊಂಡು ನೋಡಿ’ ಎಂದರು. ಪಂಚಾಂಗದಲ್ಲಿ ಗಣಿತವೂ ಇದೆ, ಫಲವೂ ಇದೆ. ಇವೆರಡನ್ನೂ ಬೇರೆ ಮಾಡಿ ನೋಡುವುದೇ ಇಂದಿನ ಪಾಠ.

ವಿದ್ಯಾರ್ಥಿ ಮಿತ್ರರೇ, 1604ನೇ ಇಸವಿಯನ್ನು ನೆನಪಿಡಿ. ಆ ವರ್ಷ ಶೃಂಗೇರಿಯ ಶಂಕರನಾರಾಯಣ ಜೋಯಿಸರು ‘ಗಣಿತಗನ್ನಡಿ’ ಎಂಬ ಗ್ರಂಥ ಬರೆದರು. ವಿದ್ದಣ ಎಂಬವರ ‘ವಾರ್ಷಿಕತಂತ್ರ’ ಎಂಬ ಸಂಸ್ಕೃತ ಕೃತಿಗೆ ಇದು ಕನ್ನಡ ವಿವರಣೆ. ಗ್ರಹಗಳ ಸ್ಥಾನವನ್ನೂ ಗ್ರಹಣವನ್ನೂ ಲೆಕ್ಕ ಹಾಕುವ ಕ್ರಮ ಇದರಲ್ಲಿದೆ. ಹಸ್ತಪ್ರತಿಯ ಲಿಪಿ ನಂದಿನಾಗರಿ, ಭಾಷೆ ಮಾತ್ರ ಕನ್ನಡ. ಬಿ.ಎಸ್. ಶೈಲಜಾ ಮತ್ತು ಸೀತಾರಾಮ ಜಾವಗಲ್ ಅವರು ಇದನ್ನು ಓದಿ ನಮ್ಮ ಕಾಲಕ್ಕೆ ತಂದಿದ್ದಾರೆ. ವಿಜ್ಞಾನ ಕನ್ನಡದಲ್ಲಿ ಸಾಧ್ಯವೇ ಎಂದು ಕೇಳುವವರಿಗೆ ನಾಲ್ಕು ಶತಮಾನದ ಹಿಂದೆಯೇ ಉತ್ತರ ಸಿಕ್ಕಿದೆ.

ಅದೇ 1604ರ ಅಕ್ಟೋಬರಿನಲ್ಲಿ ಯುರೋಪಿನ ಪ್ರಾಗ್ ನಗರದಲ್ಲಿ ಮತ್ತೊಬ್ಬ ‘ಜೋಯಿಸ’ ಆಕಾಶದಲ್ಲಿ ಹೊಸದಾಗಿ ಕಾಣಿಸಿಕೊಂಡ ನಕ್ಷತ್ರವೊಂದನ್ನು ದಿಟ್ಟಿಸುತ್ತಿದ್ದ. ಆತ ಯೋಹಾನೆಸ್ ಕೆಪ್ಲರ್. 1571ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಆತ ಮೊದಲು ನಮ್ಮ ಹಾಗೆ ಗಣಿತದ ಮೇಷ್ಟರು. 1594ರಲ್ಲಿ ಗ್ರಾಟ್ಸ್ ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ಪಾಠದ ಜೊತೆಗೆ ವರ್ಷಕ್ಕೊಂದು ಪಂಚಾಂಗ ಬರೆದು ಭವಿಷ್ಯ ಹೇಳುವುದೂ ಆತನ ಪಾಲಿಗೆ ಬಂತು. 1595ರ ಪಂಚಾಂಗದಲ್ಲಿ ಕಡು ಚಳಿ ಬೀಳುತ್ತದೆ, ತುರ್ಕರ ದಾಳಿಯಾಗುತ್ತದೆ ಎಂದು ಬರೆದ. ಎರಡೂ ನಿಜವಾದವು! ಊರಿನಲ್ಲಿ ಹೆಸರಾಯಿತು. ಮುಂದೆ ಆತ ಚಕ್ರವರ್ತಿಯ ಗಣಿತಜ್ಞನೂ ಆದ, ಸೇನಾನಿ ವಾಲೆನ್‌ಸ್ಟೈನನ ಜಾತಕವನ್ನೂ ಬರೆದುಕೊಟ್ಟ.

ಆದರೆ ಇಂದು ಕೆಪ್ಲರನನ್ನು ನಾವು ನೆನೆಯುವುದು ಆ ನಿಜವಾದ ಭವಿಷ್ಯಕ್ಕಾಗಿ ಅಲ್ಲ, ಒಂದು ತಪ್ಪಿದ ಲೆಕ್ಕಕ್ಕಾಗಿ. ಟೈಕೋ ಬ್ರಾಹೆ ಎಂಬ ಮಹಾ ವೀಕ್ಷಕ ದೂರದರ್ಶಕವಿಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ಅಳೆದಿಟ್ಟ ಅಂಕಿಗಳು ಕೆಪ್ಲರನ ಕೈ ಸೇರಿದ್ದವು. ಮಂಗಳ ಗ್ರಹ ವೃತ್ತದಲ್ಲಿ ಸುತ್ತುತ್ತದೆ ಎಂದು ಇಟ್ಟುಕೊಂಡು ಆತ ವರ್ಷಗಟ್ಟಲೆ ಲೆಕ್ಕ ಮಾಡಿದ. ಕೊನೆಗೆ ಎಂಟು ಕಲೆಗಳ ವ್ಯತ್ಯಾಸ ಉಳಿಯಿತು. ಒಂದು ಡಿಗ್ರಿಯ ಅರವತ್ತನೆಯ ಭಾಗವೇ ಒಂದು ಕಲೆ. ಎಂಟು ಕಲೆ ಎಂದರೆ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲು ಭಾಗ. ಬೇರೆಯವರಾಗಿದ್ದರೆ ‘ಇರಲಿ ಬಿಡು’ ಎನ್ನುತ್ತಿದ್ದರು. ಕೆಪ್ಲರ್ ಬಿಡಲಿಲ್ಲ. ಟೈಕೋನ ಅಳತೆ ತಪ್ಪಿರಲಾರದು, ನನ್ನ ವೃತ್ತವೇ ತಪ್ಪು ಎಂದು ಒಪ್ಪಿಕೊಂಡು ಮಾಡಿದ ಕೆಲಸವನ್ನು ಬದಿಗಿಟ್ಟ. ಗ್ರಹದ ಹಾದಿ ದೀರ್ಘವೃತ್ತ ಎಂಬ ನಿಯಮ ಹೀಗೆ 1609ರಲ್ಲಿ ಪ್ರಕಟವಾಯಿತು. ನೀವು ಭೌತಶಾಸ್ತ್ರದಲ್ಲಿ ಓದುವ ಕೆಪ್ಲರನ ಮೊದಲ ನಿಯಮ ಇದೇ.

ಚಳಿಯ ಭವಿಷ್ಯ ನಿಜವಾಯಿತು. ಅದರಿಂದ ಏನೂ ತಿಳಿಯಲಿಲ್ಲ. ಮಂಗಳನ ಲೆಕ್ಕ ತಪ್ಪಿತು. ಅದರಿಂದ ಆಕಾಶವೇ ತಿಳಿಯಿತು. ತಪ್ಪನ್ನು ಎಲ್ಲಿ ಹಿಡಿಯಬಹುದೋ ಅಲ್ಲಿ ಮಾತ್ರ ತಿದ್ದಿಕೊಳ್ಳಬಹುದು.

ಪಾಲಕರಿಗೆ ಇದನ್ನು ಹೇಳಲು ಕಾರಣವಿದೆ. ಒಮ್ಮೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮಸ್ಕಿ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. “ಸರ, ಇಕೀ ಜಾತಕದಾಗ ಗಣಿತ ಒಲಿಯೂದಿಲ್ಲಂತ್ರಿ. ಸೈನ್ಸ್ ಬ್ಯಾಡ ಅಂತಾರ,” ಎಂದರು. ಹುಡುಗಿ ನೆಲ ನೋಡುತ್ತ ನಿಂತಿದ್ದಳು. ನಾನು ವಾದಕ್ಕೆ ಇಳಿಯಲಿಲ್ಲ. ಆಕೆಯ ಗಣಿತದ ನೋಟ್‌ಬುಕ್ ತರಿಸಿ ತಂದೆಯ ಮುಂದೆ ತೆರೆದೆ. ಪುಟಪುಟದಲ್ಲೂ ತಪ್ಪಿದ ಲೆಕ್ಕಕ್ಕೆ ಗೀಟು ಹಾಕಿ, ಕೆಳಗೆ ಮತ್ತೆ ಬಿಡಿಸಿದ್ದಳು. “ಯಜಮಾನರ, ಇದೂ ಆಕೀ ಜಾತಕನ. ಇದನ್ನ ಆಕೀನ ಬರದಾಳ,” ಎಂದೆ. ಅವರು ಬಹಳ ಹೊತ್ತು ಆ ಪುಟಗಳನ್ನು ತಿರುವಿದರು. ಹುಡುಗಿ ಲಿಂಗಸುಗೂರಿನಲ್ಲಿ ವಿಜ್ಞಾನಕ್ಕೆ ಸೇರಿದಳು. ಮೊದಲ ಕಿರುಪರೀಕ್ಷೆಯಲ್ಲಿ ಗಣಿತದ ಅಂಕ ಕಡಿಮೆಯೇ ಬಂತು. ಮತ್ತೆ ಗೀಟು ಹಾಕಿದಳು, ಮತ್ತೆ ಬಿಡಿಸಿದಳು, ಪಿಯುಸಿ ಪಾಸಾದಳು.

ಕೊನೆಗೊಂದು ಮನೆಗೆಲಸ. ಮಾರ್ಚ್ 21 ಅಥವಾ ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ, ಹಗಲಿರುಳು ಸಮನಾಗುವ ದಿನ, ಸಮತಟ್ಟಾದ ನೆಲದ ಮೇಲೆ 12 ಸೆಂಟಿಮೀಟರ್ ಎತ್ತರದ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ. ಹನ್ನೆರಡು ಗಂಟೆಯಿಂದ ಐದೈದು ನಿಮಿಷಕ್ಕೊಮ್ಮೆ ನೆರಳು ಅಳೆಯಿರಿ. ಎಲ್ಲಕ್ಕಿಂತ ಚಿಕ್ಕ ನೆರಳು ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ 3.4ರಿಂದ 3.5 ಸೆಂಟಿಮೀಟರ್ ಬರಬೇಕು. ಹಿಂದಿನ ಜೋಯಿಸರು 12 ಅಂಗುಲದ ಶಂಕುವಿನಿಂದ ಅಳೆಯುತ್ತಿದ್ದ ‘ಪಲಭಾ’ ಇದೇ. ನೆರಳನ್ನು ಕಡ್ಡಿಯ ಎತ್ತರದಿಂದ ಭಾಗಿಸಿದರೆ ನಿಮ್ಮ ಊರಿನ ಅಕ್ಷಾಂಶದ ಟ್ಯಾಂಜೆಂಟ್ ಸಿಗುತ್ತದೆ. ಅಕ್ಷಾಂಶ ಸುಮಾರು 16 ಡಿಗ್ರಿ.

ಅಪ್ಪ, ಅವ್ವನನ್ನೂ ಅಂಗಳಕ್ಕೆ ಕರೆಯಿರಿ. ಅಳತೆ ತಪ್ಪಿದರೆ ನಾಚಿಕೆ ಬೇಡ. ಗೀಟು ಹಾಕಿ, ಮರುದಿನ ಮತ್ತೆ ಅಳೆಯಿರಿ.