ಟ್ರ್ಯಾಕ್ಟರಿನ ಎಡ ಯಾವುದು?

ಕಳೆದ ರಜೆಯಲ್ಲಿ ನಾವು ನಾಲ್ಕು ಜನ ಒಂದು ಜಿಪಿಎಸ್-ಐಎನ್‌ಎಸ್ ಸೆನ್ಸರ್ ಎತ್ಕೊಂಡು ಶಿರಾ ತಾಲ್ಲೂಕಿನ ಗೌಡಗೆರೆಗೆ ಹೋಗಿದ್ವಿ. ಗೆಳೆಯನ ಮಾವನ ಟ್ರ್ಯಾಕ್ಟರಿಗೆ ಅದನ್ನು ಕೂರಿಸಿ, ಹೊಲದಲ್ಲಿ ಓಡಿಸಿ, ಹೋದ ದಾರಿಯನ್ನು ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ನೋಡೋದು, ಇಷ್ಟೇ ಪ್ಲಾನ್. ಅರ್ಧ ಗಂಟೆ ಕೆಲಸ ಅಂದ್ಕೊಂಡಿದ್ವಿ, ಎರಡು ದಿನ ಹಿಡೀತು. ವಾಪಸ್ ಬರುವಾಗ ಬಸ್ಸಿನಲ್ಲಿ ನಾವು ನಾಲ್ವರೂ ಒಪ್ಪಿದ ಮಾತು ಒಂದೇ: ಇಂಥ ಉಪಕರಣವನ್ನು ಕೂರಿಸುವ, ಚಾಲೂ ಮಾಡುವ ಕ್ರಮವನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಬೇಕು. ಅಭಿಮಾನಕ್ಕಲ್ಲ, ತಪ್ಪು ಕಡಿಮೆ ಆಗಲಿ ಅಂತ.

ಈ ಸೆನ್ಸರ್ ಒಳಗೆ ಮೂರು ಜೈರೋ, ಮೂರು ಆಕ್ಸಿಲರೋಮೀಟರ್ ಇರುತ್ತವೆ. ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸುತ್ತಾ ನಡೆಯುವವನ ಹಾಗೆ, ಸೆಕೆಂಡಿಗೆ ನೂರಾರು ಸಲ ಚಲನೆ ಅಳೆದು ತಾನೆಲ್ಲಿದ್ದೀನಿ ಅಂತ ಲೆಕ್ಕ ಹಾಕುತ್ತೆ. ಲೆಕ್ಕ ತಪ್ಪುತ್ತಾ ಹೋಗುತ್ತೆ. ಸೆಕೆಂಡಿಗೆ ಒಂದೋ ಹತ್ತೋ ಸಲ ಜಿಪಿಎಸ್ ಬಂದು ತಿದ್ದುತ್ತೆ. ತಿದ್ದುವವರು ಇಲ್ಲದಿದ್ದರೆ ಏನಾಗುತ್ತೆ? ವಾಲಿಕೆಯಲ್ಲಿ 1 ಡಿಗ್ರಿ ತಪ್ಪಿದರೂ ಗುರುತ್ವದ ಒಂದು ಪಾಲು, ಸುಮಾರು 0.17 ಮೀ/ಸೆ², ಸುಳ್ಳು ವೇಗೋತ್ಕರ್ಷವಾಗಿ ಸೇರಿಕೊಳ್ಳುತ್ತೆ. 60 ಸೆಕೆಂಡಿನಲ್ಲಿ ಅದು 300 ಮೀಟರಿನಷ್ಟು ತಪ್ಪು. ಅರ್ಧ ಎ ಟಿ ಸ್ಕ್ವೇರ್, ಪಿಯುಸಿಯಲ್ಲಿ ಓದಿದ್ದೇ.

ಮೊದಲ ದಿನ ಸೆನ್ಸರನ್ನು ಬ್ಯಾಟರಿಗೆ ಜೋಡಿಸಿ ಆನ್ ಮಾಡಿದ್ವಿ. ಆಮೇಲೆ ಮಾವ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದರು. ಸೆಲ್ಫ್ ಹೊಡೆದಾಗ ವೋಲ್ಟೇಜ್ ಕುಸಿದು ಸೆನ್ಸರ್ ರೀಸೆಟ್ ಆಯ್ತು. ಮತ್ತೆ ಕಾಯಬೇಕು. ಮಾವ ಕೇಳಿದರು, "ಇನ್ನೂ ಹೊರಡಬಾರ್ದಾ?" "ಅಲೈನ್‌ಮೆಂಟ್ ಆಗ್ಬೇಕು ಮಾವ." "ಹಂಗಂದ್ರೆ?" ನಾವು ಮುಖ ಮುಖ ನೋಡ್ಕೊಂಡ್ವಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಆ ಪದ ಬರುತ್ತಿತ್ತು, ಅರ್ಥ ಹೇಳಕ್ಕೆ ಬರಲಿಲ್ಲ. ಉತ್ತರ ಸಿಗದೆ ಅವರು ಗೇರ್ ಹಾಕಿದರು. ಅಲುಗಾಡದೆ ನಿಂತಿರಬೇಕಾದ ಸಮಯದಲ್ಲಿ ಸೆನ್ಸರ್ ಹೊಲದ ತುಂಬಾ ಕುಣಿಯಿತು. ಆ ದಿನದ ಡೇಟಾ ಪೂರ್ತಿ ವೇಸ್ಟ್.

ಎರಡನೇ ದಿನ ಹೀಗೆ ಹೇಳಿದ್ವಿ: "ಮಾವ, ಖಾಲಿ ತಕ್ಕಡಿ ಸಮ ನಿಂತಿದೆಯಾ ನೋಡಿ ಆಮೇಲೆ ತಾನೆ ತೂಗೋದು? ಇದಕ್ಕೂ ಹಂಗೇ. ನಿಂತಲ್ಲೇ ಸೊನ್ನೆ ನೋಡ್ಕೊಳ್ಳುತ್ತೆ." ಅವರು ಇಂಜಿನ್ ಸ್ಟಾರ್ಟ್ ಮಾಡಿ, ನಾವು ಹೇಳುವವರೆಗೂ ಸುಮ್ಮನೆ ಕೂತರು.

ಆದರೂ ಗೆರೆ ಸರಿ ಬರಲಿಲ್ಲ. ಒಂದೇ ಸಾಲಿನಲ್ಲಿ ಹೋಗಿ ಬಂದರೆ, ಹೋದ ಗೆರೆಗೂ ಬಂದ ಗೆರೆಗೂ 2.4 ಮೀಟರ್ ಅಂತರ. ಜಿಪಿಎಸ್ ಅಂದ್ಮೇಲೆ ಒಂದೆರಡು ಮೀಟರ್ ಅತ್ತಿತ್ತ ಆಗುತ್ತೆ ಬಿಡು ಅಂದ್ಕೊಂಡ್ವಿ. ಹಾಗಾಗಿದ್ದರೆ ಪ್ರತಿ ಸಲ ಅಷ್ಟೇ ಯಾಕೆ? ಯಾವ ಕಡೆ ಹೊರಟರೂ ಗೆರೆ ಟ್ರ್ಯಾಕ್ಟರಿನ ಎಡಕ್ಕೇ ಯಾಕೆ ಸರಿಯುತ್ತೆ?

ಹತ್ತಿರ ಕೂತಿದ್ದ ತಾತ ನಾವು ಅಳೆಯೋದನ್ನೇ ನೋಡ್ತಿದ್ದರು. ಆಂಟೆನಾ ಸೆನ್ಸರಿನಿಂದ ಎಷ್ಟು ದೂರ, ಯಾವ ಕಡೆ ಇದೆ ಅಂತ ಸಾಫ್ಟ್‌ವೇರಿಗೆ ಹೇಳಬೇಕು. ಇದೇ ಲಿವರ್ ಆರ್ಮ್. ನಾವು ಟ್ರ್ಯಾಕ್ಟರಿನ ಎದುರು ನಿಂತು ಟೇಪ್ ಹಿಡಿದು "ಬಲಕ್ಕೆ 60 ಸೆಂಟಿಮೀಟರ್" ಅಂದ್ವಿ. ತಾತ ನಕ್ಕರು. "ಏನ್ರಪ್ಪಾ, ಎತ್ತಿನ ಮುಂದೆ ನಿಂತ್ಕಂಡು ಎಡ ಬಲ ಹೇಳ್ತಾರಾ? ಹಿಂದೆ ನಿಂತ್ಕಂಡು ಹೇಳ್ಬೇಕು."

ತಪ್ಪು ಅಲ್ಲೇ ಇತ್ತು. ಆಂಟೆನಾ ಇದ್ದದ್ದು ಎಡಕ್ಕೆ 60 ಸೆಂ.ಮೀ., ನಾವು ಬರೆದದ್ದು ಬಲಕ್ಕೆ 60. ಒಟ್ಟು 1.2 ಮೀಟರ್ ತಪ್ಪು, ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ. ಒಂದು ಮೈನಸ್ ಚಿಹ್ನೆ ಹಾಕಿದ್ವಿ, ಎರಡು ಗೆರೆ ಒಂದರ ಮೇಲೊಂದು ಕೂತವು. ಮ್ಯಾನುಯಲ್‌ನಲ್ಲಿ ಇಂಗ್ಲಿಷಿನಲ್ಲಿ ಇದು ಚಿತ್ರ ಸಮೇತ ಇತ್ತು. ನಾವು ಓದಿದ್ವಿ, ತಲೆಗೆ ಹೋಗಿರಲಿಲ್ಲ. ತಾತನ ಒಂದು ಮಾತು ಹೋಯ್ತು.

2.4 ಮೀಟರ್ ಅಂದ್ರೆ ಲ್ಯಾಬಿನಲ್ಲಿ ಒಂದು ಪ್ಲಾಟ್ ಅಷ್ಟೇ. ಹಳ್ಳಿಯಲ್ಲಿ ಅದು ಬದು. ಬದು ಒತ್ತುವರಿ ಆಯ್ತು ಅಂತ ಅಣ್ಣ ತಮ್ಮಂದಿರೇ ಕೋರ್ಟಿಗೆ ಅಲೆಯುವ ಕಡೆ, ನಾವು ಕೂರಿಸಿದ ಯಂತ್ರ ಪಕ್ಕದವರ ಬೆಳೆಗೆ ಔಷಧಿ ಹೊಡೆದರೆ "ಸೈನ್ ಮಿಸ್ಟೇಕ್" ಅಂದು ತಪ್ಪಿಸ್ಕೊಳ್ಳಕ್ಕಾಗುತ್ತಾ?

ಇದೇ ತಂತ್ರ ಇನ್ನೂ ದೊಡ್ಡದಾಗಿ ನಮ್ಮ ಪಕ್ಕದ ಜಿಲ್ಲೆಯಲ್ಲೇ ಕೆಲಸ ಮಾಡಿದೆ. 2023ರ ಏಪ್ರಿಲ್ 2ರಂದು ಚಿತ್ರದುರ್ಗ ಜಿಲ್ಲೆಯ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಇಸ್ರೋದ ರೆಕ್ಕೆಯ ಮರುಬಳಕೆ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರದಿಂದ ಬಿಟ್ಟಿತು. ಅದು ತಾನೇ ರನ್‌ವೇ ಹುಡುಕಿ ಇಳಿಯಿತು. 2024ರ ಜೂನ್ 23ರ ಮೂರನೇ ಪರೀಕ್ಷೆಯಲ್ಲಿ ಇನರ್ಷಿಯಲ್ ಸೆನ್ಸರ್, ನಾವಿಕ್, ರಾಡಾರ್ ಆಲ್ಟಿಮೀಟರ್ ಎಲ್ಲದರ ಮಾತನ್ನೂ ಕೂಡಿಸಿ, ಗಂಟೆಗೆ 320 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ನೆಲ ಮುಟ್ಟಿತು. ಆ ವೇಗದಲ್ಲಿ ಎಡ ಬಲ ಅದಲು ಬದಲಾದರೆ ತಿದ್ದಕ್ಕೆ ಎರಡನೇ ದಿನ ಇರಲ್ಲ.

"ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಆಗಲ್ಲ ಗುರು" ಅನ್ನೋರಿದ್ದಾರೆ. ಜೈರೋಸ್ಕೋಪಿಗೆ ಸಂಸ್ಕೃತ ಪದ ಹುಡುಕಿ ಅಂತ ನಾವು ಹೇಳ್ತಿಲ್ಲ, ಜೈರೋ ಜೈರೋನೇ ಇರಲಿ. "ಸಾಫ್ಟ್‌ವೇರೇ ಲಿವರ್ ಆರ್ಮ್ ಕಂಡುಹಿಡಿಯುತ್ತೆ" ಅನ್ನೋರೂ ಇದ್ದಾರೆ. ಕೆಲವು ಸಾಫ್ಟ್‌ವೇರ್ ಹಿಡಿಯುತ್ತೆ, ಆದರೆ ಚೆನ್ನಾಗಿ ತಿರುಗಿಸಿ ಓಡಿಸಿದರೆ ಮಾತ್ರ. ನೇರ ಸಾಲಿನಲ್ಲೇ ಹೋಗುವ ಟ್ರ್ಯಾಕ್ಟರ್ ಅದಕ್ಕೆ ಏನನ್ನೂ ಕಲಿಸಲ್ಲ.

ನಮ್ಮ ಕಿಟ್ ಬಾಕ್ಸಿನ ಮುಚ್ಚಳಕ್ಕೆ ಈಗ ಒಂದು ಹಾಳೆ ಅಂಟಿಸಿದ್ದೀವಿ:

1. ಸೆನ್ಸರನ್ನು ಗಟ್ಟಿ ಚಾಸಿಗೆ ಬಿಗಿ. ಅದುರುವ ತಗಡಿಗೆ ಬೇಡ.
2. ಆಂಟೆನಾಗೆ ಆಕಾಶ ಪೂರ್ತಿ ಕಾಣಲಿ.
3. ಗಾಡಿಯ ಹಿಂದೆ ನಿಂತು ಎಡ ಬಲ ಹೇಳು. ಇಬ್ಬರು ಬೇರೆ ಬೇರೆ ಅಳೆಯಿರಿ.
4. ಮೊದಲು ಇಂಜಿನ್, ಆಮೇಲೆ ಸೆನ್ಸರ್.
5. ಸೊನ್ನೆ ನೋಡ್ಕೊಳ್ಳುವವರೆಗೂ ಗಾಡಿ ಅಲುಗಾಡಬಾರದು.
6. ನಿಂತಲ್ಲಿ ವಾಲಿಕೆ ಗೊತ್ತಾಗುತ್ತೆ, ಒಂದೇ ಆಂಟೆನಾ ಇದ್ದರೆ ದಿಕ್ಕು ಗೊತ್ತಾಗಲ್ಲ. ಸ್ವಲ್ಪ ದೂರ ನೇರ ಓಡಿಸು.
7. ಒಂದೇ ಸಾಲಿನಲ್ಲಿ ಹೋಗಿ ಬಾ. ಗೆರೆ ಕೂಡಿದರೆ ಮಾತ್ರ ಕೆಲಸ ಶುರು.

ಇದು ಮಾವನಿಗೂ ಅರ್ಥ ಆಗುತ್ತೆ, ಹಾಗಾಗಿ ನಾವು ತಪ್ಪು ಮಾಡಿದರೆ ಅವರು ಹಿಡೀತಾರೆ. ಪ್ರತಿ ಲ್ಯಾಬಿನ ಪ್ರತಿ ಕಿಟ್ಟಿಗೂ ಇಂಥದ್ದೊಂದು ಹಾಳೆ ಬರಲಿ, ಬರೆಯೋದು ನಮ್ಮ ಕ್ಲಬ್ಬಿನ ಕೆಲಸ ಆಗಲಿ. ಮೂರನೇ ಸಾಲಿನ ಹೆಸರು ಮಾತ್ರ "ತಾತನ ರೂಲ್". ಅದನ್ನು ಬದಲಾಯಿಸಕ್ಕೆ ನಾವು ಬಿಡಲ್ಲ.